ಬಾಗಿಲಿಗೆ ನಿಂತು ನೀರು ಕೇಳುವ ಚನ್ನವ್ವ

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಮನೆಮನೆಯೊಳಗಿಂದ ರೊಟ್ಟಿ ತಟ್ಟುವ ಸದ್ದು ಆಗಲೇ ಓಣಿಗೆ ಬಂದಿದೆ. ಸರಕಾರಿ ಶಾಲೆಯ ಹಿಂದಿನ ತೋಟದಲ್ಲಿ ಚನ್ನವ್ವ ಕುಕ್ಕರುಗಾಲಲ್ಲಿ ಕೂತು ಸಲಿಕೆಯ ಅಂಚಿನಿಂದ ನೆಲ ಕೆರೆಯುತ್ತಿದ್ದಾಳೆ. ಎರೆಮಣ್ಣು ಕಪ್ಪಗಿರಬೇಕು. ಇಲ್ಲಿ ಅದರ ಮೇಲೆ ಯಾರೋ ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ ತೆಳ್ಳನೆಯ ಬಿಳುಪು ಕೂತಿದೆ. ಕೆರೆದದ್ದನ್ನು ಬುಟ್ಟಿಗೆ ತುಂಬುತ್ತಾಳೆ, ತಲೆಯ ಮೇಲೆ ಹೊತ್ತು ಕಾಂಪೌಂಡಿನ ಆಚೆಯ ತಗ್ಗಿಗೆ ಸುರಿದು ಬರುತ್ತಾಳೆ, ಮತ್ತೆ ಕೂರುತ್ತಾಳೆ. ಕೆರೆದ ಜಾಗದಿಂದ ಒಂದು ಚಿಟಿಕೆ ಮಣ್ಣೆತ್ತಿ ನಾಲಿಗೆಗೆ ಮುಟ್ಟಿಸಿ ಉಗುಳುತ್ತಾಳೆ.

"ಇನ್ನೂ ಉಪ್ಪ ಐತಿ," ಎನ್ನುತ್ತಾಳೆ, ತನ್ನಷ್ಟಕ್ಕೆ ತಾನೇ.

ತೋಟದ ಅರ್ಧ ಹೀಗೆ ಬಿಳಿಚಿಕೊಂಡಿದೆ. ಉಳಿದರ್ಧದಲ್ಲಿ ನಾಲ್ಕಾರು ಮಡಿಗಳು ಕಪ್ಪಗೆ, ಹದವಾಗಿ ಬಿದ್ದಿವೆ. ಒಂದರಲ್ಲಿ ಮೆಂತೆ ಗೇಣುದ್ದ ಎದ್ದಿದೆ, ಇನ್ನೊಂದರಲ್ಲಿ ರಾಜಗಿರಿ ಈಗಷ್ಟೇ ಎರಡೆಲೆ ಬಿಟ್ಟಿದೆ. ಸುತ್ತ ಬೇಲಿಗೆ ಊರವರು ಕೊಟ್ಟ ಹಳೆಯ ಸೀರೆಗಳನ್ನು ಕಟ್ಟಿದೆ. ಚನ್ನವ್ವ ಸಲಿಕೆಯನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ಎರಡು ಪ್ಲಾಸ್ಟಿಕ್ ಕೊಡ ಎತ್ತಿಕೊಳ್ಳುತ್ತಾಳೆ. ಅಲ್ಲಿಗೆ ಅವಳ ಸುಲಭದ ಕೆಲಸ ಮುಗಿಯಿತು.

ಓಣಿಯ ಮೊದಲ ಮನೆಯ ಮುಂದೆ ಬಂದು ಸೆರಗು ಸರಿಮಾಡಿಕೊಳ್ಳುತ್ತಾಳೆ. ಬಾಗಿಲು ತೆರೆದೇ ಇದೆ, ಒಲೆಯ ಬೆಳಕು ಕಾಣುತ್ತಿದೆ. ಕೂಗಬೇಕು. ಬಾಯಿ ಬರುವುದಿಲ್ಲ. ಕೊಡ ಕೆಳಗಿಟ್ಟು ಕೆಮ್ಮುತ್ತಾಳೆ.

"ಬಂದೆ ಬಂದೆ," ಎನ್ನುತ್ತ ಒಳಗಿಂದ ಹೆಣ್ಣುಮಗಳು ಪಾತೇಲಿ ಹಿಡಿದು ಬರುತ್ತಾಳೆ. "ಒಂದಿನಾ ದವಾಖಾನಿಗೆ ತೋರಸ್ರಿ ಚನ್ನವ್ವಾರ. ಮುಂಜಾನೆದ್ದ ನಮ್ಮ ಬಾಗಲಾಗಷ್ಟ ಕೆಮ್ಮು ಬರತೈತಿ ನಿಮಗ!"

ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು. ಸಾಬೂನು ಸೋಕಿರಬಾರದು, ಅಷ್ಟೇ ಕರಾರು. ಕೊಡ ತುಂಬಿದ ಹಾಗೆ ಶಾಲೆಯ ಡ್ರಮ್ಮಿಗೆ ಸುರಿದು ಮತ್ತೊಂದು ಓಣಿ. ಮೂವತ್ತಕ್ಕೆ ಹತ್ತಿರ ಮನೆಗಳು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಡ್ರಮ್ಮು ತುಂಬಿದರೆ ಆ ದಿನಕ್ಕೆ ತೋಟ ಬದುಕಿತು.

ಬೆಳವಣಕಿ ದಾಟಿ ಎರೆಹೊಲಗಳ ನಡುವೆ ಹೋದರೆ ಸಿಗುವ ಊರು ಇದು. ಹೆಸರು ಬರೆಯುವುದು ಚನ್ನವ್ವನಿಗೆ ಬೇಡ. "ನನ್ನ ಹೆಸರ ಬರಕೋರಿ, ತಪ್ಪ ನಂದ. ಊರಿನ ಹೆಸರ್ಯಾಕ ಕೆಡಸೂದು?" ಎನ್ನುತ್ತಾಳೆ.

ಈ ಭಾಗದಲ್ಲಿ ಬೋರು ಕೊರೆದರೆ ಏಳುವುದು ಸವುಳು ನೀರು. ನಳದಲ್ಲಿ ಹೊಳೆ ನೀರು ಬರುತ್ತದೆ, ಬಂದ ದಿನ ತುಂಬಿಟ್ಟುಕೊಂಡು ನಾಲ್ಕೈದು ದಿನ ಕಳೆಯಬೇಕು. ಹೀಗಿರುವ ಊರಲ್ಲಿ ಶಾಲೆಗೊಂದು ಕೈತೋಟ ಆಗಬೇಕೆಂದು ಹೊರಟವರು ಅರ್ಚನಾ ಟೀಚರು, ಗಜೇಂದ್ರಗಡದವರು. ಮೊದಲ ವರ್ಷ ಯಾವುದೋ ಯೋಜನೆಯಿಂದ ಬೀಜ ಬಂತು, ಬೇಲಿ ಬಂತು, ನೀರಿನ ಟ್ಯಾಂಕರೂ ಬಂತು. ಯೋಜನೆ ಮುಗಿದ ದಿನ ಟ್ಯಾಂಕರು ನಿಂತಿತು. ಶಾಲೆಯ ಸಮಿತಿಯ ಸಭೆಯಲ್ಲಿ ಟೀಚರು, "ಇನ್ನ ಇದನ್ನ ಯಾರು ನೋಡ್ಕೋತೀರಿ ಹೇಳ್ರಿ, ಇಲ್ಲಾಂದ್ರ ಮುಚ್ಚಬೇಕಾಗ್ತದ," ಎಂದಾಗ ಗಂಡಸರು ನೆಲ ನೋಡಿದರು. ಹೆಸರಿಗಷ್ಟೇ ಸದಸ್ಯಳಾಗಿ ಮೂಲೆಯಲ್ಲಿ ಕೂತಿದ್ದ ಚನ್ನವ್ವ, "ನೀರಿಂದಷ್ಟ ನಾ ನೋಡ್ಕೋತೀನ್ರಿ," ಎಂದುಬಿಟ್ಟಳು.

ಅಂದದ್ದೇನೋ ಅಂದಳು. ಮರುದಿನ ಕೊಡ ಹಿಡಿದು ಅಂಗಳಕ್ಕಿಳಿದಾಗ ಕಾಲು ಮುಂದಕ್ಕೆ ಬರಲಿಲ್ಲ.

ಅದಕ್ಕೆ ಕಾರಣವಿತ್ತು. ಚನ್ನವ್ವ ಸೊಸೆಯಾಗಿ ಬಂದದ್ದು ಊರಲ್ಲೇ ದೊಡ್ಡ ಹಿಡುವಳಿಯ ಮನೆಗೆ. ಅತ್ತೆಯ ಕಾಲದಲ್ಲಿ ದಿನಾ ಬೆಳಿಗ್ಗೆ ಆ ಮನೆಯ ಕಟ್ಟೆಯ ಮುಂದೆ ಚರಿಗೆ ಹಿಡಿದು ಹೆಂಗಸರು ನಿಲ್ಲುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರಿಗೂ ಮಜ್ಜಿಗೆ ಹೊಯ್ಯುತ್ತಿದ್ದಳು. ಬಂದವರು ಕೂಗುತ್ತಿರಲಿಲ್ಲ, ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿ ಚನ್ನವ್ವ ಒಳಗಿಂದ ಗಡಿಗೆ ತಂದುಕೊಡುತ್ತಿದ್ದಳು. ಈಗ ಅದೇ ಓಣಿಗಳಲ್ಲಿ, ಅವರದೇ ಹೆಣ್ಣುಮಕ್ಕಳ, ಸೊಸೆಯರ ಬಾಗಿಲಲ್ಲಿ ಅವಳು ಖಾಲಿ ಕೊಡ ಇಟ್ಟುಕೊಂಡು ನಿಲ್ಲಬೇಕು.

ಗಂಡ ತೀರಿಕೊಂಡ ಮೇಲೆ ಮೈದುನ ಸಂಗನಬಸವನ ಸಂಸಾರದ ಜೊತೆ ಒಂದೇ ಒಲೆಯಲ್ಲಿ ಇದ್ದಾಳೆ. ಸಂಗನಬಸವನದು ಹೆಸರುಕಾಳು, ಕಡಲೆಯ ವ್ಯಾಪಾರ. ರೋಣದ ಪೇಟೆಯಲ್ಲಿ ಯಾರೋ ಚುಚ್ಚಿದರೆಂದು ಒಂದು ಸಂಜೆ ಮನೆಗೆ ಬಂದವನೇ, "ವೈನಿ, ನಮ್ಮ ಮನೀ ಹೆಸರ ಕೊಡಕ್ಕ ಕಟಗೊಂಡ ಓಣಿ ಓಣಿ ತಿರಗತೀರಂತಲ್ಲ?" ಎಂದು ಕೇಳಿದ.

"ನೀರ ಕೇಳತೀನಪಾ, ಅನ್ನಾ ಕೇಳೂದಿಲ್ಲಲಾ," ಎಂದಳು ಚನ್ನವ್ವ. ಅಂದು ರಾತ್ರಿ ಅವಳಿಗೆ ಊಟ ಸೇರಲಿಲ್ಲ.

ಆದರೂ ಎರಡು ವರ್ಷ ನಡೆಯಿತು. ಬೆಳಕಾಗುವ ಮೊದಲೇ ಹೋಗಿ ಬೆಳಕಾಗುವ ಮೊದಲೇ ಮುಗಿಸುತ್ತಿದ್ದಳು. ನೀರು ಕೊಟ್ಟವರಿಗೆ ತೋಟದಿಂದ ಬೀಜ ಕೊಡುವುದೆಂದು ಮಾತಾಗಿತ್ತು. ಬದನೆ, ಹೀರೆ, ಚವಳಿಕಾಯಿ, ತರತರದ ತಪ್ಪಲುಸೊಪ್ಪು. ನೂರರ ಹತ್ತಿರ ಮಕ್ಕಳ ಬಿಸಿಯೂಟದ ಸಾರಿಗೆ ವಾರದಲ್ಲಿ ಮೂರ್ನಾಲ್ಕು ದಿನ ತೋಟದ್ದೇ ಕಾಯಿಪಲ್ಲೆ. ಅಡುಗೆಯ ಗಾಳೆವ್ವ ಬಡಿಸುವಾಗ ಮಕ್ಕಳು, "ಇದು ನಮ್ಮ ತ್ವಾಟದ್ದೇನಬೇ?" ಎಂದು ಕೇಳುವುದು, ಅವಳು ಹೂಂ ಅನ್ನುವುದು ರೂಢಿಯಾಯಿತು.

ಎಡವಟ್ಟಾದದ್ದು ಹೋದ ದೀಪಾವಳಿಯ ಮುಂದೆ.

ಶಾಲೆಯಿಂದ ಸ್ವಲ್ಪ ದೂರದಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದೆ. ಬೋರಿನ ನೀರು ಯಂತ್ರದೊಳಗೆ ಹೋಗಿ ಸಿಹಿಯಾಗಿ ಕೊಡಕ್ಕೆ ಬರುತ್ತದೆ. ಹಿಂದಿನ ಕೊಳವೆಯಿಂದ ಇನ್ನೊಂದಷ್ಟು ನೀರು ಹಗಲೆಲ್ಲ ಗಟಾರಕ್ಕೆ ಹರಿದು ಹೋಗುತ್ತದೆ. ನೋಡಲಿಕ್ಕೆ ಕನ್ನಡಿಯಂತಹ ನೀರು. ಚನ್ನವ್ವ ಅದನ್ನು ದಿನಾ ನೋಡುತ್ತಿದ್ದಳು. ಇದೊಂದು ಸಿಕ್ಕರೆ ಯಾರ ಬಾಗಿಲಿಗೂ ನಿಲ್ಲಬೇಕಾಗಿಲ್ಲ ಎಂಬುದು ಒಂದು ದಿನ ತಲೆಗೆ ಬಂತು. ಬಂದದ್ದು ಹೋಗಲಿಲ್ಲ.

ಘಟಕ ನೋಡಿಕೊಳ್ಳುವ ಮಹಮ್ಮದಸಾಬನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡ. "ಅಕ್ಕಾರ, ಅದು ಕುಡ್ಯಾಕ ಬರಂಗಿಲ್ರಿ. ಉಪ್ಪೆಲ್ಲಾ ಅದರಾಗ ಹೋಗತೈತಿ ಅಂತಾರ."

"ಗಿಡಕ್ಕೇನ ನಾಲಿಗಿ ಐತೇನೋ? ನೀ ಬಿಡ, ನಾ ನೋಡ್ಕೋತೀನಿ."

ಅವನು ಮತ್ತೆ ಮಾತಾಡಲಿಲ್ಲ. ಸಂಗನಬಸವ ಖುಷಿಯಿಂದ ಪೈಪು ತರಿಸಿಕೊಟ್ಟ. ವೈನಿಯ ಕೊಡದ ತಿರುಗಾಟ ತಪ್ಪುವುದಾದರೆ ಅವನು ಇನ್ನೂ ದೂರದಿಂದ ಪೈಪು ಎಳೆಸುತ್ತಿದ್ದ. ಕಾಯಿ ಒಡೆದು ನೀರು ಬಿಟ್ಟ ದಿನ ಓಣಿಯ ಹೆಂಗಸರೂ ಬಂದಿದ್ದರು. ಅವರೆದುರಿಗೆ ಚನ್ನವ್ವ ಕೈ ಜಾಡಿಸಿ, "ಇನ್ನ ನಿಮ್ಮ ನೀರ ಬ್ಯಾಡ್ರೆವಾ. ನಮ್ಮದ ನಮಗ ಆತು," ಎಂದಳು. ಅದನ್ನು ಎಷ್ಟು ಗತ್ತಿನಿಂದ ಅಂದಳೆಂಬುದು ಈಗ ಅವಳಿಗೆ ಚೆನ್ನಾಗಿ ನೆನಪಿದೆ. ಹೇಳುವಾಗ ಕಣ್ಣು ಕೆಳಗಾಗುತ್ತದೆ. "ಎಲ್ಲಾದಕ್ಕಿಂತಾ ಆ ಮಾತ ನನ್ನ ಚುಚ್ಚತೈತ್ರಿ. ಉಪ್ಪು ಆಮ್ಯಾಲೆ."

ಸಂಕ್ರಾಂತಿ ಕಳೆಯುವ ಹೊತ್ತಿಗೆ ಬದನೆಯ ಎಲೆಯ ಅಂಚು ಸುಟ್ಟ ಹಾಗೆ ಕಂದಿತು. ನೀರು ಕಡಿಮೆಯಾಯಿತೆಂದು ಇನ್ನಷ್ಟು ಬಿಟ್ಟಳು. ಹೀರೆಬಳ್ಳಿ ಹೂವಿನಲ್ಲೇ ಒಣಗಿತು. ಆಮೇಲೆ ಕಪ್ಪು ನೆಲ ಬೆಳ್ಳಗಾಗತೊಡಗಿತು. ಮಹಮ್ಮದಸಾಬನ ಮಾತು ಆಗ ನೆನಪಾಯಿತು. ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಪೈಪಿನ ಬಾಯಿಗೆ ಬಟ್ಟೆ ತುರುಕಿ ಬಿಗಿದಳು.

ಅಲ್ಲಿಗೆ ನಿಲ್ಲಿಸಿ ನಾಲ್ಕು ಮನೆಗೆ ಹೋಗಿ ಹೀಗಾಯಿತು ಎಂದಿದ್ದರೆ ಮುಗಿಯುತ್ತಿತ್ತು. ಬೇಡವೆಂದ ಬಾಗಿಲಿಗೆ ಮತ್ತೆ ಹೋಗುವುದು ಹೇಗೆ? ಚನ್ನವ್ವ ರೋಣದ ಬಸ್ಸು ಹತ್ತಿದಳು. ಎಮ್ಮೆಯ ಹಾಲು ಮಾರಿದ ದುಡ್ಡಿನಲ್ಲಿ ಮೆಂತೆ ಸೊಪ್ಪು, ರಾಜಗಿರಿ, ಬದನೆಕಾಯಿ ಕೊಂಡಳು. ಮನೆಯಲ್ಲಿ ಕಾಳು ತುಂಬಿಡುವ ಹಗೇವಿನ ಕೋಣೆಯಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟಳು. ನಸುಕಿನಲ್ಲಿ ತೋಟಕ್ಕೆ ಒಯ್ದು ಮೆಂತೆಯ ಬೇರಿಗೆ ಅಲ್ಲಿಯ ಮಣ್ಣು ಮೆತ್ತಿದಳು. ಬುಟ್ಟಿಯಲ್ಲಿ ಹಾಕಿ ಅಡುಗೆ ಕೋಣೆಯ ಮೆಟ್ಟಿಲ ಮೇಲಿಟ್ಟು ಬಂದಳು.

ಮಧ್ಯಾಹ್ನ ಮಕ್ಕಳು ಕೇಳಿದರು. ಗಾಳೆವ್ವ ಹೂಂ ಅಂದಳು.

ಒಂದು ದಿನಕ್ಕೆಂದು ಮಾಡಿದ್ದು ಶಿವರಾತ್ರಿಯವರೆಗೂ ನಡೆಯಿತು. ತೋಟದ ಗೇಟಿಗೆ ಬೀಗ ಬಿತ್ತು, ಸೀರೆಯ ಬೇಲಿ ಎರಡು ಪದರ ಆಯಿತು. ಅರ್ಚನಾ ಟೀಚರಿಗೆ, "ಹೊಸಾ ಮಡಿ ಮಾಡೇನ್ರಿ, ಹುಡುಗೂರು ತುಳಿದಾರು," ಎಂದಳು. ಟೀಚರು ನಂಬಿದರು. ಲಕ್ಕಲಕಟ್ಟಿ ಕಡೆಯ ಇಬ್ಬರು ಮಾಸ್ತರರು ತೋಟ ನೋಡಲು ಬರುತ್ತೇವೆಂದಾಗ ಚನ್ನವ್ವನಿಗೆ ಚಳಿಜ್ವರವೇ ಬಂತು. ಸುಳ್ಳಲ್ಲ, ಖರೇ ಜ್ವರ.

ಹೊರಬಿದ್ದದ್ದು ಬೇರೆ ದಾರಿಯಿಂದ. ಹೊಲಿಗೆ ಮಶೀನು ಇಟ್ಟುಕೊಂಡಿರುವ ಯಶೋಧರಾ ಎರಡೂ ವರ್ಷ ತಪ್ಪದೆ ನೀರು ಕೊಟ್ಟವಳು. ತನ್ನ ಹಿತ್ತಿಲಿಗೆ ಹಾಕಲು ಒಂದು ಬೀಜದ ಬದನೆಕಾಯಿ ಕೇಳಿಕೊಂಡು ಬಂದಳು. "ಇನ್ನೂ ಮಾಗಿಲ್ಲ," ಎಂದು ಕಳಿಸಿದಳು ಚನ್ನವ್ವ. ಎಂಟು ದಿನ ಬಿಟ್ಟು ಮತ್ತೆ ಬಂದಳು. ಮತ್ತೆ ಅದೇ ಮಾತು. ಮೂರನೆಯ ಸಲ ಯಶೋಧರಾ ಕೇಳಲೇ ಇಲ್ಲ. ಮಕ್ಕಳ ಊಟದ ಹೊತ್ತಿಗೆ ಜೊತೆಗೆ ಇಬ್ಬರನ್ನು ಕರೆದುಕೊಂಡು ಬಂದವಳು ನೇರ ಹೋಗಿ ಬೇಲಿಯ ಸೀರೆ ಎತ್ತಿದಳು.

"ಅಯ್ಯ ಶಿವನ! ಇಲ್ಲಿ ಸುಣ್ಣಾ ಚೆಲ್ಲೀರೇನ್ರಿ?"

ಚನ್ನವ್ವ ಅಡುಗೆ ಕೋಣೆಯ ಗೋಡೆ ಹಿಡಿದು ನಿಂತಿದ್ದಳು.

"ಚನ್ನವ್ವಾರ, ನಿಮ್ಮನ್ನ ಕೇಳಾಕತ್ತೀನಿ. ದಿನಾ ಈ ಹುಡುಗೂರು ಉಂಡದ್ದು ಎಲ್ಲೀದು?"

ತಟ್ಟೆ ಹಿಡಿದು ಸಾಲಾಗಿ ಕೂತ ಮಕ್ಕಳು ಊಟ ಬಿಟ್ಟು ನೋಡಿದರು. ಚನ್ನವ್ವ ಗಾಳೆವ್ವನ ಮುಖ ನೋಡಿದಳು. ಗಾಳೆವ್ವ ಸವುಟು ಕೆಳಗಿಟ್ಟು ಒಳಗೆ ಹೋದಳು. ಅವಳಿಗೆ ಮೊದಲ ದಿನದಿಂದಲೇ ಗೊತ್ತಿತ್ತೆಂದು ಚನ್ನವ್ವನಿಗೆ ಆ ಕ್ಷಣದಲ್ಲಿ ತಿಳಿಯಿತು.

"ಪ್ಯಾಟೀದು," ಎಂದಳು ಚನ್ನವ್ವ.

"ಪ್ಯಾಟೀದು?" ಯಶೋಧರಾ ನಗಲೂ ಇಲ್ಲ, ಬೈಯಲೂ ಇಲ್ಲ. "ರೋಣಕ್ಕ ಬಸ್ಸಿನ್ಯಾಗ ಹೋಗಿ ಪಲ್ಲೆ ತಂದ್ರಿ. ಆದ್ರ ನಮ್ಮ ಓಣಿಗೆ ಬರಾಕ ಕಾಲ ಬರಲಿಲ್ಲ ನಿಮಗ."

ಆಮೇಲೆ ಎಷ್ಟೋ ದಿನ ಚನ್ನವ್ವ ಅಂಗಳ ದಾಟಲಿಲ್ಲ. ಮನೆಗೆ ಬಂದ ಅರ್ಚನಾ ಟೀಚರು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಅವರು, "ನನಗರ ಒಂದು ಮಾತು ಹೇಳಬೇಕಿತ್ತಲ್ರಿ," ಎಂದಷ್ಟೇ ಅಂದು, ಕೊಟ್ಟ ಚಹಾ ಕುಡಿದು ಹೋದರು. ಸಮಿತಿಯಲ್ಲಿ ತೋಟ ಮುಚ್ಚುವ ಮಾತು ಎದ್ದಿತ್ತು. ಸಂಗನಬಸವ ವೈನಿಯ ಮುಖ ನೋಡಲಾರದೆ ಒಂದು ಉಪಾಯ ತಂದ. "ಮಹಮ್ಮದಸಾಬ ನಮಗ ಹೇಳಲಿಲ್ಲ ಅಂದಬಿಡೂಣು. ಅಂವಾ ಏನ ತಿರುಗಿ ಮಾತಾಡಾಂವಲ್ಲ. ಮುಗದ ಹೋಗತೈತಿ."

ಆ ಮಾತಿಗೆ ಚನ್ನವ್ವ ಎದ್ದಳು. ಸೀದಾ ನೀರಿನ ಘಟಕಕ್ಕೆ ಹೋದಳು. ಸರದಿಯಲ್ಲಿ ಕೊಡ ಇಟ್ಟುಕೊಂಡು ನಿಂತ ಮಂದಿಯೆದುರಿಗೆ, "ಸಾಬಣ್ಣ, ನೀ ಅವತ್ತ ಹೇಳಿದ್ದಿ. ನಾ ಕೇಳಲಿಲ್ಲ," ಎಂದಳು. ಮಹಮ್ಮದಸಾಬ ಗಾಬರಿಯಾಗಿ ಎದ್ದು ನಿಂತ. "ನಾ ಜೋರಲೆ ಹೇಳಬೇಕಿತ್ರಿ ಅಕ್ಕಾರ. ನಿಮ್ಮ ಮನಿಯವ್ರ ಮುಂದ ನಾವು ಜೋರ ಹ್ಯಾಂಗ ಮಾಡೂದು?" ಎಂದ.

ಈ ಮಾತು ಅವಳನ್ನು ಯಶೋಧರಾಳ ಮಾತಿಗಿಂತ ಆಳಕ್ಕೆ ಚುಚ್ಚಿತು.

ಯುಗಾದಿ ಕಳೆದ ಮೇಲೆ ಒಂದು ದಿನ, ಚೆನ್ನಾಗಿ ಬಿಸಿಲೇರಿದ ಮೇಲೆ, ಎಲ್ಲರೂ ಕಾಣುವ ಹಾಗೆ ಕೊಡ ಹಿಡಿದು ಹೊರಟಳು. ಮೊದಲು ಹೋದದ್ದು ಯಶೋಧರಾಳ ಬಾಗಿಲಿಗೆ. ನಿಂತಳು. ಕೆಮ್ಮಿದಳು.

"ಏನ ಬೇಕಾಗಿತ್ರಿ?" ಒಳಗಿಂದಲೇ ಕೇಳಿದಳು ಯಶೋಧರಾ.

"ನೀರು."

"ಜೋರಲೆ ಅನ್ರಿ. ಮಶೀನ ಸಪ್ಪಳದಾಗ ಕೇಳೂದಿಲ್ಲ."

ಮಶೀನು ನಿಂತಿತ್ತು. ಇಬ್ಬರಿಗೂ ಗೊತ್ತಿತ್ತು.

"ನೀರ ಹಾಕ ಯಶೋಧರಾ," ಎಂದಳು ಚನ್ನವ್ವ, ಪಕ್ಕದ ಮನೆಗೂ ಕೇಳುವಂತೆ. "ಬ್ಯಾಡ ಅಂದಿದ್ದೆ, ತಪ್ಪಾತು. ಸಾಲಿ ತ್ವಾಟಕ್ಕ ನೀರ ಬೇಕು."

ಯಶೋಧರಾ ಎರಡೂ ಕೊಡ ತುಂಬಿಸಿದಳು. ಮುಂದಿನ ಮನೆಯವಳು, "ನಿಮ್ಮ ಪೈಪಿನ್ಯಾಗ ಬರವಲ್ದೇನ್ರಿ?" ಎಂದು ಬಾಗಿಲು ಮುಂದೆ ಮಾಡಿಕೊಂಡಳು. ಅದರ ಮುಂದಿನ ಮನೆಯಲ್ಲಿ ಅರ್ಧ ಕೊಡ. ಆ ದಿನ ಡ್ರಮ್ಮಿನ ತಳವಷ್ಟೇ ಒದ್ದೆಯಾಯಿತು. ಮರುದಿನವೂ ಹೋದಳು. ಈಗಲೂ ನಾಲ್ಕು ಬಾಗಿಲು ತೆರೆದಿಲ್ಲ. ಅವುಗಳ ಮುಂದೆಯೂ ದಿನಾ ನಿಂತು ಕೆಮ್ಮಿಯೇ ಮುಂದೆ ಹೋಗುತ್ತಾಳೆ.

ಬೇಸಿಗೆಯ ರಜೆಯೆಲ್ಲ ಉಪ್ಪಿನ ಪದರ ಕೆರೆಯುವುದರಲ್ಲಿ ಹೋಯಿತು. ರೈತ ಸಂಪರ್ಕ ಕೇಂದ್ರದವರ ಮಾತಿನಂತೆ ಜಿಪ್ಸಂ ಹಾಕಿ, ಕೇಳಿ ತಂದ ಸಿಹಿನೀರು ನಿಲ್ಲಿಸಿ ಹರಿಯಬಿಟ್ಟಳು. ಮಳೆ ಬಿದ್ದದ್ದು ದೊಡ್ಡ ಉಪಕಾರ. ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮಕ್ಕಳು ಮನೆಯಲ್ಲಿ ಪೂಜೆ ಮಾಡಿದ ಮಣ್ಣಿನ ಎತ್ತುಗಳನ್ನು ಹಳ್ಳಕ್ಕೆ ಬಿಡದೆ ತೋಟಕ್ಕೆ ತಂದು ಇಟ್ಟರು. ಜೊತೆಗೆ ಬಂದ ತಾಯಂದಿರು ತಮ್ಮ ಹೊಲದ ಒಂದೊಂದು ಬುಟ್ಟಿ ಎರೆಮಣ್ಣನ್ನೂ ತಂದರು. ಯಾರು ಹೇಳಿ ಕಳಿಸಿದ್ದೆಂದು ಚನ್ನವ್ವ ಕೇಳಲಿಲ್ಲ. ಈಗ ಮೆಂತೆ ಎದ್ದಿರುವ ಮಡಿ ಅದೇ ಮಣ್ಣಿನದು.

ಮಾತು ಬಿಟ್ಟವಳೆಂದರೆ ಗಾಳೆವ್ವ. ಅಕ್ಕಿ ತೊಳೆದ ನೀರನ್ನು ತಾನೇ ತಂದು ಮಡಿಗೆ ಸುರಿಯುತ್ತಾಳೆ, ಚನ್ನವ್ವ ಇರುವ ಕಡೆ ನೋಡದೆ ಒಳಗೆ ಹೋಗುತ್ತಾಳೆ. ಶಾಲೆ ಶುರುವಾದಾಗಿನಿಂದ ಹೀಗೇ ನಡೆದಿದೆ.

ಇವತ್ತು ಡ್ರಮ್ಮು ತುಂಬಿಸಿದ ಮೇಲೆ ಚನ್ನವ್ವ ಮಡಿಯಿಂದ ಮೆಂತೆ ಕೀಳುತ್ತಾಳೆ. ತೋಟ ಕೆಟ್ಟ ಮೇಲೆ ಇದೇ ಮೊದಲ ಬೆಳೆ. ಎರಡು ಹಿಡಿಗಿಂತ ಹೆಚ್ಚಾಗುವುದಿಲ್ಲ. ಮೆಟ್ಟಿಲ ಮೇಲೆ ಇಟ್ಟು ಹೋಗುವವಳು ಇವತ್ತು ಒಳಗೆ ಹೋಗಿ ಗಾಳೆವ್ವನ ಮುಂದೆಯೇ ಹಿಡಿಯುತ್ತಾಳೆ.

ಗಾಳೆವ್ವ ಮೆಂತೆಯನ್ನು ತಿರುವಿ ತಿರುವಿ ನೋಡುತ್ತಾಳೆ. "ರಬ್ಬರ ಬ್ಯಾಂಡಿನ ಗುರ್ತ ಕಾಣವಲ್ದಲ್ರಿ ಇದಕ್ಕ."

ಗಾಳೆವ್ವ ಕಡ್ಡಿಗಳ ನಡುವಿಗೆ ಬೆರಳಿಟ್ಟು ತೋರಿಸುತ್ತಾಳೆ.

"ಅವಾಗ ದಿನಾ ಕಾಣತಿತ್ತು. ಕಡ್ಡಿ ನಡಕ್ಕ ಕಟ್ಟಿದ ಗುರ್ತ. ನೀವು ಬೇರಿಗೆ ಮಣ್ಣ ಮೆತ್ತಿದ್ರಿ, ನಡಾ ನೋಡಲಿಲ್ಲ." ಗಾಳೆವ್ವ ಮೆಂತೆಯನ್ನು ಕೆಳಗಿಡುತ್ತಾಳೆ. "ನೀವು ಪ್ಯಾಟಿಂದ ತಂದ್ರಿ, ಮೆಟ್ಟಲಮ್ಯಾಲೆ ಇಟ್ರಿ, ಹ್ವಾದ್ರಿ. ಹುಡುಗೂರ ಮಕಾ ನೋಡಿ ಹೂಂ ಅಂದಾಕಿ ನಾನು. ನಿಮ್ಮ ಮನಿತನದ ಮರ್ಯಾದಿಗೆ ನಾ ದಿನಾ ಸುಳ್ಳ ಬಡಿಸಿದ್ನಿ."

"ಹೌದ ಗಾಳೆವ್ವ," ಎನ್ನುತ್ತಾಳೆ ಚನ್ನವ್ವ. "ಇವತ್ತ ನೀ ಸುಮ್ಮನಿರು. ನಾನ ಹೇಳತೀನಿ."

ಮಧ್ಯಾಹ್ನದವರೆಗೂ ಅಡುಗೆ ಕೋಣೆಯ ಕಟ್ಟೆಯ ಮೇಲೆಯೇ ಕೂತಿರುತ್ತಾಳೆ. ಗಂಟೆ ಹೊಡೆಯುತ್ತದೆ. ಮಕ್ಕಳು ತಟ್ಟೆ ತೊಳೆದು ಸಾಲಾಗಿ ಕೂರುತ್ತಾರೆ. ಸಾರು ಬಡಿಸುವ ಮೊದಲೇ ಒಬ್ಬ ಹುಡುಗಿ ಕೇಳಿಯೇಬಿಡುತ್ತಾಳೆ, "ಇವತ್ತ ನಮ್ಮ ತ್ವಾಟದ್ದೇನೈತಿ?"

ಗಾಳೆವ್ವ ಸವುಟು ಹಿಡಿದು ನಿಲ್ಲುತ್ತಾಳೆ. ಚನ್ನವ್ವ ಮಕ್ಕಳೆದುರಿಗೆ ಬರುತ್ತಾಳೆ. ಸೆರಗು ಸರಿಮಾಡಿಕೊಳ್ಳುತ್ತಾಳೆ.

"ಎರಡ ಹಿಡಿ ಮೆಂತೆ ಬಂದಿತ್ತು. ಸಾರಿನ್ಯಾಗೈತಿ, ಹುಡಿಕಿದ್ರ ಸಿಕ್ಕೀತು. ಉಳದದ್ದೆಲ್ಲಾ ಪ್ಯಾಟೀದು."

"ಮತ್ತ ನಾಳಿ?"

"ನಾಳಿ ಇಲ್ಲ. ಈ ವಾರ ಇಲ್ಲ. ಮೊದಲ ನಾ ನಿಮಗ ತ್ವಾಟದ್ದಂತ ಕೊಟ್ಟದ್ದೂ ಪ್ಯಾಟೀದ ಇತ್ತು."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ನಮಗ ಗೊತ್ತೈತಿ ಬೇ, ಅವತ್ತ ಕೇಳೀವಿ," ಎನ್ನುತ್ತದೆ ಹಿಂದಿನ ಸಾಲಿನ ಒಂದು ದನಿ. ಆಮೇಲೆ ಯಾರೋ, "ನನಗ ಒಂದ ಎಲಿ ಸಿಕ್ತು!" ಎಂದು ಕೂಗುತ್ತಾರೆ, ಎಲ್ಲರೂ ತಟ್ಟೆಯಲ್ಲಿ ಕೈಯಾಡಿಸಿ ಹುಡುಕತೊಡಗುತ್ತಾರೆ. ಗಾಳೆವ್ವ ಬಡಿಸುತ್ತ ಮುಂದೆ ಹೋಗುತ್ತಾಳೆ. ಇವತ್ತು ಹೂಂ ಅನ್ನುವ ಕೆಲಸ ಅವಳಿಗಿಲ್ಲ.

ಚನ್ನವ್ವ ಕಟ್ಟೆಗೆ ಬಂದು ಕೂತು ಬೆವರು ಒರೆಸಿಕೊಳ್ಳುತ್ತಾಳೆ. ಮುಂದೇನಾಗಬೇಕೆಂದು ಕೇಳಿದರೆ ದೊಡ್ಡ ಆಸೆಯೇನೂ ಬಾಯಿಗೆ ಬರುವುದಿಲ್ಲ. ಉಳಿದರ್ಧ ನೆಲ ಕಪ್ಪಗಾಗಬೇಕು, ಅಷ್ಟೇ. ಆಮೇಲೆ ತಾನಾಗಿಯೇ ಹೇಳುತ್ತಾಳೆ:

"ನಮ್ಮ ಮನ್ಯಾಗ ಉಪ್ಪು ಮುಗದ್ರೂ ಇಲ್ಲ ಅಂತಿದ್ದಿಲ್ರಿ, ಹೆಚ್ಚಾಗೈತಿ ಅಂತಿದ್ವಿ. ಇಲ್ಲ ಅನ್ನೂ ಮಾತ ನಮ್ಮ ಬಾಯಾಗ ಇದ್ದಿಲ್ಲ. ಇವತ್ತ ನೂರ ಹುಡುಗೂರ ಮುಂದ ನಿಂತ ಅಂದ್ನಿ ನೋಡ್ರಿ."